ಮಳೆಗಾಲದ ಓಡಾಟಕ್ಕೆ ಹಗುರವಾದ, ಒಳಗೆ ಬೆವರು ನಿಲ್ಲದ ಜಾಕೆಟ್ ಆರಿಸುವುದು ಹೇಗೆ?

ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಜುಲೈ ಮಳೆಯಲ್ಲಿ ನಡೆಯುವುದಾದರೆ, ಮೊದಲು ಕಂಕುಳಲ್ಲಿ ಜಿಪ್ ಇದೆಯಾ ನೋಡಿ. ಆಮೇಲೆ ಹೊಲಿಗೆಗಳ ಮೇಲೆ ಒಳಗಿನಿಂದ ಟೇಪ್ ಅಂಟಿಸಿರಬೇಕು. ಲೇಬಲ್‌ನಲ್ಲಿ ನೀರು ತಡೆಯುವ ಅಂಕಿ (ಬಟ್ಟೆ ಸೋರದೆ ತಡೆಯಬಲ್ಲ ನೀರಿನ ಕಂಬದ ಎತ್ತರ) 10,000 ಮಿ.ಮೀ. ಇದ್ದರೆ ಜೋರು ಮಳೆಗೂ ಸಾಕು. ಆವಿ ಬಿಡುವ ಅಂಕಿಯೂ 10,000 ಗ್ರಾಂ ಅಥವಾ ಜಾಸ್ತಿ ಇರಲಿ. ಅಂದರೆ, ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಹೊರಹೋಗುವ ಆವಿ.

ಕಂಕುಳ ಜಿಪ್‌ಗೆ ಯಾಕೆ ಇಷ್ಟು ಮಹತ್ವ? ಇಂಥ ಜಾಕೆಟ್‌ನೊಳಗೆ ತೆಳುವಾದ ಒಂದು ಪೊರೆ ಇರುತ್ತದೆ. ಮಳೆಹನಿ ಅದನ್ನು ದಾಟುವುದಿಲ್ಲ, ಬೆವರಿನ ಆವಿ ದಾಟುತ್ತದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಒಳಗಿನ ಗಾಳಿಗಿಂತ ಹೊರಗಿನ ಗಾಳಿಯಲ್ಲಿ ತೇವ ಕಡಿಮೆ ಇರಬೇಕು. ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಹೊರಗೂ ತೇವವೇ ಅಲ್ವಾ? ಆಗ ಎಷ್ಟು ದುಬಾರಿ ಪೊರೆಯಾದರೂ ನಿಧಾನವಾಗುತ್ತದೆ. ಏರು ಹತ್ತುವಾಗ ನಮ್ಮ ಬೆವರು ಅದನ್ನು ಮೀರಿಸುತ್ತದೆ. ಜಿಪ್ ತೆರೆದರೆ ಗಾಳಿ ನೇರವಾಗಿ ಆಡುತ್ತದೆ.

ಹೊರಮೈ ಮೇಲೆ ನೀರು ಮಣಿಯಂತೆ ಉರುಳುವುದು ನಿಂತು ಬಟ್ಟೆ ನೆನೆಯತೊಡಗಿದರೆ, ಆವಿಯ ದಾರಿಯೂ ಕಟ್ಟುತ್ತದೆ. ಜಾಕೆಟ್ ಹಾಳಾಯಿತು ಅಂದುಕೊಂಡು ಎಸೆಯಬೇಡಿ. ತೊಳೆದು, ನೀರು ಜಾರಿಸುವ ಸ್ಪ್ರೇ ಹೊಡೆದರೆ ಮತ್ತೆ ಸರಿಹೋಗುತ್ತದೆ. ಬಟ್ಟೆ ಮೆದುಗೊಳಿಸುವ ದ್ರವ ಮಾತ್ರ ಬೇಡವೇ ಬೇಡ.

ತೂಕ 300–400 ಗ್ರಾಂ ಇದ್ದರೆ ಚೀಲದಲ್ಲಿ ಭಾರ ಎನಿಸುವುದಿಲ್ಲ. ಅದಕ್ಕಿಂತ ತೀರಾ ತೆಳುವಾದದ್ದು ಮುಳ್ಳುಕಂಟಿಗೆ ಬೇಗ ಹರಿಯುತ್ತದೆ. ಒಳಗೆ ಹತ್ತಿ ಬನಿಯನ್ ಬದಲು ಬೇಗ ಒಣಗುವ ಪಾಲಿಯೆಸ್ಟರ್ ಟೀಶರ್ಟ್ ಹಾಕಿ.