ಸಂಪಾದಕರ ಉತ್ತರ: ಅಂಕ ಹಾಕದ ಪುಟಗಳು

ಉಡುಪಿ ಕುಂಜಿಬೆಟ್ಟಿನ ಓದುಗರೇ, ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ.

ಚಂದಾದಾರರ ಹೆಸರು ಬದಲಾಯಿಸಿ ಎಂದು ಕೇಳಲು ಹೊರಟ ಪತ್ರ ಮೂರು ಪುಟವಾಗಿದೆ. ಚಂದಾ ವಿಷಯವನ್ನು ಕೊನೆಗೆ ಹೇಳುತ್ತೇನೆ. ಬೇರೆ ಓದುಗರಿಗಾಗಿ ಸಂಗತಿ ಇಷ್ಟು: ಕಳೆದ ಕಾರ್ತಿಕದಲ್ಲಿ ನಿಮ್ಮ ಯಜಮಾನರು ತೀರಿಕೊಂಡರು. 30 ವರ್ಷ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಯಕ್ಷಗಾನ ಆಟ, ವೇಷವಿಲ್ಲದ ತಾಳಮದ್ದಳೆ, ನಾಟಕ, ಕೃಷ್ಣಮಠದ ರಾಜಾಂಗಣದ ಸಂಗೀತ ಕಛೇರಿ ಎಂದು ತಿರುಗಿದವರು. ಈಗ ಹಗಲಿಡೀ ಸಹಕಾರಿ ಸಂಘದ ಕೌಂಟರು, ಮನೆಗೆ ಬಂದರೆ 86 ವರ್ಷದ ಅತ್ತೆಯ ಆರೈಕೆ. ಎಂಟು ತಿಂಗಳಿಂದ ಒಂದು ಕಾರ್ಯಕ್ರಮಕ್ಕೂ ಹೋಗಿಲ್ಲ. "ಹೋಗುವ ಆಸೆ ಉಂಟು, ಕಾಲು ಏಳುವುದಿಲ್ಲ. ಹೋದರೆ ಜನ ಎಂತ ಹೇಳಿಯಾರು?" ಎಂದು ಕೇಳಿದ್ದೀರಿ.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಡೈರಿ. ಉಡುಪಿಯ ‘ರಂಗಭೂಮಿ’ ಸಂಸ್ಥೆಯವರ ನಾಟಕ ಸ್ಪರ್ಧೆಗೆ ಪ್ರತಿ ವರ್ಷ ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪಕ್ಕೆ ಹೋಗುತ್ತಿದ್ದ ನೀವಿಬ್ಬರೂ ಜೇಬಿನ ಡೈರಿಯಲ್ಲಿ ಎರಡು ಕಾಲಂ ಮಾಡಿ, ಒಂದರಲ್ಲಿ ಅವರ ಅಂಕ, ಇನ್ನೊಂದರಲ್ಲಿ ನಿಮ್ಮದು ಬರೆದು, ಮನೆಗೆ ಹೋಗುವ ದಾರಿಯಲ್ಲಿ ಜಗಳವಾಡುತ್ತಿದ್ದಿರಂತೆ. ಫಲಿತಾಂಶ ಬಂದ ದಿನ ತೀರ್ಪುಗಾರರ ಮೇಲೂ ಜಗಳ. ಕಳೆದ ವರ್ಷದ ಸ್ಪರ್ಧೆಗೆಂದು ಅವರು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದರು. ಪುಟಗಳು ಹಾಗೇ ಇವೆ ಎಂದು ಬರೆದಿದ್ದೀರಿ. 1965ರಲ್ಲಿ ಹುಟ್ಟಿದ ಆ ಸಂಸ್ಥೆಯ ಎಷ್ಟೋ ನಾಟಕ ನಾನೂ ನೋಡಿದ್ದೇನೆ. ಗೆರೆ ಎಳೆದು ಅಂಕ ಹಾಕುವ ಪ್ರೇಕ್ಷಕರು ಹಿಂದೆ ಕೂತಿದ್ದಾರೆಂದು ಗೊತ್ತಿದ್ದರೆ ನಮ್ಮ ವಿಮರ್ಶೆಗಳನ್ನು ಇನ್ನಷ್ಟು ಎಚ್ಚರದಿಂದ ಬರೆಯುತ್ತಿದ್ದೆ.

ಸಮಾಧಾನ ಹೇಳುವ ಮೊದಲು ನನ್ನದೊಂದು ತಪ್ಪು ಹೇಳಬೇಕು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಸಂಘದ ಆಟಿ ತಿಂಗಳ (ಜುಲೈ-ಆಗಸ್ಟ್) ತಾಳಮದ್ದಳೆ ಕೂಟಕ್ಕೆ, ಪಾತ್ರದ ಮಾತು ಹೇಳುವ ಅರ್ಥಧಾರಿಗಳ ಪಟ್ಟಿ ಮಾಡುವ ಕೆಲಸ ನನ್ನದಿತ್ತು. ಕರ್ಣಪರ್ವಕ್ಕೆ ಪ್ರತಿ ಸಲ ಶಲ್ಯನ ಅರ್ಥ ಹೇಳುತ್ತಿದ್ದ ಗೆಳೆಯರೊಬ್ಬರ ಹೆಂಡತಿ ಆ ಬೇಸಗೆಯಲ್ಲಿ ತೀರಿಹೋಗಿದ್ದರು. ಪಾಪ, ಈ ವರ್ಷ ತೊಂದರೆ ಕೊಡುವುದು ಬೇಡ ಎಂದು ಹೆಸರು ಬಿಟ್ಟೆ. ಆಮಂತ್ರಣವನ್ನೂ ಕಳಿಸಲಿಲ್ಲ. ಕೂಟದ ದಿನ ಅವರು ತಾವಾಗಿಯೇ ಬಂದು ಕಡೆಯ ಸಾಲಿನಲ್ಲಿ ಕೂತರು. ಚಾ ಹೊತ್ತಿನಲ್ಲಿ ನನ್ನ ರಟ್ಟೆ ಹಿಡಿದು, "ಸತ್ತದ್ದು ಅವಳು ಮಾರಾಯ, ನಾನಲ್ಲ" ಎಂದರು. ಕೈಯಲ್ಲಿದ್ದ ಲೋಟ ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ. ನಾನು ಅನುಕಂಪ ಎಂದುಕೊಂಡಿದ್ದೆ. ಅವರ ಪಾಲಿಗೆ ಅದು ಮನೆಯಲ್ಲಿ ಒಬ್ಬರು ಹೋದ ಮೇಲೆ ಸಂಘದಿಂದಲೂ ಹೆಸರು ಕಿತ್ತುಹಾಕಿದ ಹಾಗೆ.

ಆದ್ದರಿಂದ ಎಂಟು ತಿಂಗಳಿಂದ ಹೋಗದಿರುವುದು ಪೂರ್ತಿ ನಿಮ್ಮ ದೌರ್ಬಲ್ಯ ಎಂದು ನಾನು ಒಪ್ಪುವುದಿಲ್ಲ. ಇಷ್ಟು ದಿನದಲ್ಲಿ ಎಷ್ಟು ಆಮಂತ್ರಣ ಬಂದಿವೆ, ಲೆಕ್ಕ ಹಾಕಿ ನೋಡಿ. ಸ್ಕೂಟರಿನ ಮಾತೂ ಇದೆ. ನೀವು ದುಃಖ ಎಂದು ಬರೆದದ್ದರಲ್ಲಿ ಅರ್ಧ ವಾಹನದ ಸಮಸ್ಯೆ ಎಂದರೆ ಬೇಸರಪಡಬೇಡಿ. ಸಿಟಿ ಬಸ್ಸು ನಂಬಿಕೊಂಡು ರಾತ್ರಿ ಕಾರ್ಯಕ್ರಮಕ್ಕೆ ಹೊರಡುವಂತಿಲ್ಲ, ಕತ್ತಲಲ್ಲಿ ಒಬ್ಬರೇ ರಿಕ್ಷಾ ಹಿಡಿಯಲು ಮನಸ್ಸು ಹಿಂಜರಿಯುತ್ತದೆ. ನಿಮಗೆ ಸಭಾಂಗಣದಲ್ಲಿ ಪಕ್ಕ ಕೂರುವವರು ಬೇಕಾಗಿಲ್ಲ, ವಾಪಸು ಬರುವಾಗ ಜೊತೆಗಿದ್ದು ಜಗಳವಾಡುವವರು ಬೇಕು. ಅದೇ ದಾರಿಯಲ್ಲಿ ಕಾರಿನಲ್ಲಿ ಹೋಗುವ ನಾಲ್ಕು ಮನೆ ನಿಮ್ಮ ಬೀದಿಯಲ್ಲೇ ಇದ್ದೀತು. ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಕೇಳುವುದು ಕಷ್ಟ, ನನಗೆ ಗೊತ್ತು.

ಇನ್ನು ಜನರ ಬಾಯಿ. ವರ್ಷಾಂತಿಕ ಆಗದೆ ಆಟಕ್ಕೆ ಬಂದಳು ಎಂದು ಒಬ್ಬಿಬ್ಬರು ಹೇಳಿಯೇ ಹೇಳುತ್ತಾರೆ, ಸುಳ್ಳು ಭರವಸೆ ಕೊಡಲಾರೆ. ಆದರೆ ಹಳೆಯ ಕ್ರಮವನ್ನು ಅವರು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಹಿಂದೆ ಸಾವಿನ ಮನೆಗೆ ವರ್ಷವಿಡೀ ಜನ ಬರುತ್ತಿದ್ದರು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಊರಿಗೆ ಊರೇ ಸೇರುತ್ತಿತ್ತು. ತಿಂಗಳು ತಿಂಗಳಿನ ಮಾಸಿಕಕ್ಕೆ ನೆಂಟರು ಬಂದು ಉಂಡು, ಒಂದು ರಾತ್ರಿ ಉಳಿದು ಹೋಗುತ್ತಿದ್ದರು. ಈಗ ಮಾಸಿಕಗಳನ್ನೂ ಹದಿಮೂರು ದಿನದ ಒಳಗೇ ಮುಗಿಸಿ, ಬೆಂಗಳೂರಿನ ಬಸ್ಸು ಹತ್ತುತ್ತೇವೆ. ಬರುವವರು ನಿಂತರು, ಹೋಗಬಾರದು ಎನ್ನುವುದು ಮಾತ್ರ ಉಳಿಯಿತು. ಇದು ಯಾವ ಶಾಸ್ತ್ರ? ಮುಸಲ್ಮಾನ ನೆರೆಯವರಲ್ಲಿ ಗಂಡ ತೀರಿದ ಹೆಂಗಸಿಗೆ ಇದ್ದತ್ ಎಂದರೆ ನಾಲ್ಕು ತಿಂಗಳು ಹತ್ತು ದಿನ, ಅಷ್ಟಾದರೆ ಮುಗಿಯಿತು. ದುಃಖಕ್ಕೆ ಅಲ್ಲ, ಮನೆಯೊಳಗೆ ಕೂರುವುದಕ್ಕೆ ಒಂದು ಗಡುವು ಹಾಕಿಟ್ಟಿದ್ದಾರೆ.

ಗಡುವು ಎಂದರೆ ನಮ್ಮ ಕರಾವಳಿಗೆ ಹೊಸತಲ್ಲ. ತುಳುವಿನ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಚಾತುರ್ಮಾಸ್ಯದಲ್ಲಿ ರಥಬೀದಿಯ ಕೃಷ್ಣನ ಉತ್ಸವಮೂರ್ತಿಯೂ ಹೊರಗೆ ಬರುವುದಿಲ್ಲ. ಉತ್ಥಾನ ದ್ವಾದಶಿಗೆ ಲಕ್ಷದೀಪೋತ್ಸವದೊಂದಿಗೆ ಮತ್ತೆ ತೇರು ಎಳೆಯುತ್ತಾರೆ. ದೀಪಾವಳಿ ಕಳೆದು ಮೇಳಗಳೂ ತಿರುಗಾಟಕ್ಕೆ ಹೊರಡುತ್ತವೆ. ನಿಲ್ಲಿಸಲು ದಿನವಿದ್ದಂತೆ ಹೊರಡಲೂ ದಿನವಿದೆ. ನಿಮಗೆ ಹೊರಡುವ ದಿನವೊಂದನ್ನು ಯಾರೂ ಹೇಳಿಲ್ಲ, ಅಷ್ಟೇ. ವರ್ಷಾಂತಿಕ ಕಾರ್ತಿಕದಲ್ಲೇ ಬರುತ್ತದಲ್ಲ, ದೊಡ್ಡ ಆಟಗಳಿಗೆ ಅದನ್ನೇ ಗುರುತು ಮಾಡಿಕೊಳ್ಳಿ. ಅಲ್ಲಿಯವರೆಗೆ ಕಾಯುವುದೂ ಬೇಡ. ಈಗ ಆಟಿ, ತಾಳಮದ್ದಳೆಯ ಕಾಲ. ವೇಷವಿಲ್ಲ, ಗದ್ದಲವಿಲ್ಲ. ಎಷ್ಟೋ ಕೂಟಗಳು ಮಧ್ಯಾಹ್ನ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತವೆ. ಸ್ಕೂಟರು ಬೇಕಾಗಿಲ್ಲ, ಬಸ್ಸು ಸಿಗುತ್ತದೆ.

ಅತ್ತೆಗೆ ರಾತ್ರಿ ಎಂಟಕ್ಕೆ ಮಾತ್ರೆ ಕೊಡಬೇಕು, ಕಾರ್ಯಕ್ರಮಕ್ಕೆ ಹೋದರೂ ಅರ್ಧಕ್ಕೇ ಏಳಬೇಕು ಎಂದಿದ್ದೀರಿ. ಏಳಿ. ಆಟವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದ ತುಳುನಾಡಿನವರು ಯಾರಿದ್ದಾರೆ ಹೇಳಿ. ದೇವಿಮಹಾತ್ಮೆಗೆ ಚಾಪೆ ಹಿಡಿದುಕೊಂಡು ಹೋಗಿ, "ಮಹಿಷಾಸುರ ಬರುವಾಗ ಎಬ್ಬಿಸು" ಎಂದು ಅಮ್ಮನಿಗೆ ಹೇಳಿ ಮಲಗಿದವರು ನಾವು. ದೊಂದಿಯ ಬೆಳಕಿನಲ್ಲಿ, ರಾಳದ ಹೊಗೆಯ ನಡುವೆ ಕೋಣನ ಕೊಂಬು ಪ್ರೇಕ್ಷಕರ ಹಿಂದಿನಿಂದ ಬರುವಾಗ ದಡಬಡಿಸಿ ಎದ್ದು, ಅದು ರಂಗಸ್ಥಳ ಹತ್ತಿದ ಮೇಲೆ ಮತ್ತೆ ನಿದ್ದೆ. ಆದರೂ ಮರುದಿನ ಶಾಲೆಯಲ್ಲಿ ಇಡೀ ಆಟ ನೋಡಿದವರ ಗತ್ತು. ಅರ್ಧ ನೋಡುವುದು ನಮ್ಮಲ್ಲಿ ಅಪಚಾರವಲ್ಲ. ಸಂಗೀತ ಕಛೇರಿಗೆ ಮಾತ್ರ ಬಾಗಿಲ ಪಕ್ಕದ ಕುರ್ಚಿ ಹಿಡಿಯಿರಿ.

ಒಂದು ಮಾತು ಅನುಭವದಿಂದ. ಮೊದಲ ಎರಡು ಮೂರು ಸಲ ಪ್ರೇಕ್ಷಕರಾಗಿ ಹೋಗಬೇಡಿ, ಕೆಲಸ ಹಿಡಿದು ಹೋಗಿ. ಸುಮ್ಮನೆ ಕೂತರೆ ಪ್ರತಿಯೊಬ್ಬರೂ ಹತ್ತಿರ ಬಂದು ಎಂತಾಯಿತು, ಯಾವ ಆಸ್ಪತ್ರೆ, ಎಷ್ಟು ದಿನ ಎಂದು ಕೇಳುತ್ತಾರೆ. ಬಾಗಿಲಲ್ಲಿ ರಶೀದಿ ಪುಸ್ತಕ ಹಿಡಿದು ಕೂತವರ ಹತ್ತಿರ ನೂರು ರೂಪಾಯಿಗೆ ಚಿಲ್ಲರೆ ಉಂಟಾ ಎಂದಷ್ಟೇ ಕೇಳುತ್ತಾರೆ. ಸಹಕಾರಿ ಸಂಘದ ಕೌಂಟರಿನಲ್ಲಿ ಕೂತು ಪಳಗಿದ ನಿಮ್ಮನ್ನು ಕಂಡರೆ ಯಾವ ಸಂಘದ ಖಜಾಂಚಿಯೂ ಕೈ ಮುಗಿದಾನು. ನಮ್ಮ ಸಂಘದ ಲೆಕ್ಕಪತ್ರ ನೋಡಿದರೆ ಏಕೆಂದು ತಿಳಿಯುತ್ತದೆ.

ಮಂಗಳೂರಿನ ಓದುಗರಿಗೂ ಇಲ್ಲೇ ಒಂದು ಮಾತು. ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಮಾಂಡ್ ಸೊಭಾಣ್‌ನವರು ಎರಡು ದಶಕಕ್ಕೂ ಮೀರಿ ಪ್ರತಿ ತಿಂಗಳ ಮೊದಲ ಭಾನುವಾರ ಕಾರ್ಯಕ್ರಮ ನಡೆಸುತ್ತ ಬಂದಿದ್ದಾರೆ. ಇಂಥ ನಿಗದಿಯ ದಿನಕ್ಕೆ ಆಮಂತ್ರಣ ಪತ್ರವೇ ಬೇಡ, ಬಿಡುವು ಹುಡುಕುವ ತಾಪತ್ರಯವೂ ಇಲ್ಲ. ನಾವು ಸಣ್ಣ ಸಂಘದವರು ಅಧ್ಯಕ್ಷರ ಬಿಡುವು ನೋಡಿ ದಿನ ಗೊತ್ತುಮಾಡುತ್ತೇವೆ, ಜನ ಬರಲಿಲ್ಲ ಎಂದು ಗೊಣಗುತ್ತೇವೆ. ಸಂಘಗಳ ಕಾರ್ಯದರ್ಶಿಗಳು ಇದನ್ನು ಓದುತ್ತಿದ್ದರೆ, ಸಾವಾದ ಮನೆಗೂ ದಯವಿಟ್ಟು ಆಮಂತ್ರಣ ಕಳಿಸಿ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.

ಆ ಡೈರಿಯನ್ನು ಏನು ಮಾಡಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಳೆದ ವರ್ಷದ ಪುಟಗಳು ಹಾಗೇ ಇರಲಿ. ಮುಂದಿನ ಪುಟಕ್ಕೆ ಗೆರೆ ಎಳೆದು, ಒಂದು ಕಾಲಂ ತುಂಬಿಸಿದರೂ ಸಾಕು. ಇನ್ನೊಂದಕ್ಕೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಪಕ್ಕದ ಮನೆಯಲ್ಲಿದ್ದಾಳೆ, ನಾಟಕದ ಹುಚ್ಚಿನವಳು ಎಂದು ನೀವೇ ಬರೆದಿದ್ದೀರಿ. ಅವಳು ನಿಮಗಿಂತ ಧಾರಾಳವಾಗಿ ಅಂಕ ಕೊಡುತ್ತಾಳೆ, ನೋಡಿ ಬೇಕಾದರೆ.

ಚಂದಾ ಈ ತಿಂಗಳಿಂದ ನಿಮ್ಮ ಹೆಸರಿಗಾಗಿದೆ. ಮಾರ್ಚ್‌ವರೆಗೆ ಅವಧಿ ಉಂಟು, ಹಣ ಕಳಿಸಬೇಕಾಗಿಲ್ಲ. ಈ ಸಂಚಿಕೆ ಮಾತ್ರ ಅವರ ಹೆಸರಿನಲ್ಲೇ ಬಂದೀತು, ಕ್ಷಮಿಸಿ. ವಿಳಾಸದ ಚೀಟಿಗಳು ಮೊದಲೇ ಅಚ್ಚಾಗಿದ್ದವು.