ಸೈಕಾಲಜಿ ಕಲಿಯಲು ಮೊದಲ ಕೋರ್ಸ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ ಅಕ್ಕ

ಅಕ್ಕ, ಪಿಯುಸಿ ಕಾಮರ್ಸ್‌ಗೆ ಓದು ನಿಲ್ಲಿಸಿದವರು ನಲವತ್ತೈದು ದಾಟಿದ ಮೇಲೆ ಮನಃಶಾಸ್ತ್ರ ಮೊದಲಿಂದ ಕಲಿಯಬಹುದಾ, ಯಾವ ಕೋರ್ಸ್ ಸೇರಬೇಕು ಅಂತ ಕೇಳಿದ್ದೀರಿ. ಆರು ತಿಂಗಳ ಕೌನ್ಸೆಲಿಂಗ್ ಡಿಪ್ಲೊಮಾಗೆ ಬೇಗ ಮುಂಗಡ ಕಟ್ಟಿ ಅಂತ ದಿನಾ ಫೋನ್ ಬರುತ್ತಿದೆ ಅಂತಲೂ ಬರೆದಿದ್ದೀರಿ. ಖಂಡಿತ ಕಲಿಯಬಹುದು. ಆದರೆ ಆ ಮುಂಗಡ ಈಗಲೇ ಕಟ್ಟಬೇಡಿ. ಒಂದು ರೂಪಾಯಿ ಖರ್ಚಿಲ್ಲದೆ ಮೂರು ತಿಂಗಳು ಓದಿ ನೋಡಿ, ಆಮೇಲೂ ಆಸೆ ಇದ್ದರೆ ದುಡ್ಡಿನ ಮಾತು.

ದೂರಶಿಕ್ಷಣದ ವಿಷಯ ಮೊದಲು ಹೇಳಿಬಿಡುತ್ತೇನೆ, ಕಾಮೆಂಟ್‌ನಲ್ಲಿ ಇಬ್ಬರು ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಸೈಕಾಲಜಿ ಬಿಎ ಸೇರಿ ಅಂದಿದ್ದಾರಲ್ಲ, ಅದಕ್ಕೆ. ಆ ದಾರಿ ಈಗಿಲ್ಲ. ಮನಃಶಾಸ್ತ್ರ 2021ರ ಆರೋಗ್ಯ ವೃತ್ತಿಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಅದನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಪದವಿಯಾಗಿ ಕೊಡಬಾರದು ಎಂದಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದಲೇ ಇದು ಜಾರಿಗೆ ಬಂತು. ಹಳೆಯ ಜಾಹೀರಾತುಗಳು ಇನ್ನೂ ಓಡಾಡುತ್ತಿವೆ, ಹುಷಾರು. ಪದವಿಯೇ ಬೇಕೆಂದರೆ ರೆಗ್ಯುಲರ್ ಕಾಲೇಜಿಗೆ ಹೋಗಬೇಕು. ಇಗ್ನೋದ ಪಾಠದ ಪುಸ್ತಕಗಳು ಮಾತ್ರ ಅದರದೇ ಇ-ಜ್ಞಾನಕೋಶ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತವೆ.

ಕೌನ್ಸೆಲಿಂಗ್ ಡಿಪ್ಲೊಮಾ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಇದು ಮುಗಿದ ಮೇಲೆ ನನಗೆ ಆರ್‌ಸಿಐ ನೋಂದಣಿ ಸಿಗುತ್ತಾ? ಆರ್‌ಸಿಐ ಅಂದರೆ 1992ರ ಕಾಯ್ದೆಯ ಪುನರ್ವಸತಿ ಪರಿಷತ್ತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರ ಹೆಸರು ಅದರ ಪಟ್ಟಿಯಲ್ಲಿರಬೇಕು, ಅದಕ್ಕೆ ಪದವಿ ಮುಗಿಸಿ ಮತ್ತೂ ಕೆಲವು ವರ್ಷ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆಯಬೇಕು. ಆರು ತಿಂಗಳಲ್ಲಿ ಆಗುವ ಕೆಲಸ ಅಲ್ಲವೇ ಅಲ್ಲ. ತಮ್ಮ ಕಷ್ಟ ಹೇಳಿಕೊಂಡು ಬರುವ ಜನರ ಮೇಲೆ ಅರೆಬರೆ ಕಲಿತದ್ದನ್ನು ಪ್ರಯೋಗಿಸುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಇನ್ನು ಕೋರ್ಸ್ ಆರಿಸುವುದು. ಯಾವುದೇ ಕೋರ್ಸ್ ಆಗಲಿ, ಮೊದಲು ಸಿಲಬಸ್ ತರಿಸಿಕೊಳ್ಳಿ. ಸಂಶೋಧನೆ ಹೇಗೆ ಮಾಡುತ್ತಾರೆ ಎನ್ನುವ ಪಾಠ ಅದರಲ್ಲಿದೆಯಾ? ಶುರುವಿನಲ್ಲೇ ಇದೆಯಾ? ಅದಿಲ್ಲದೆ ಬರೀ ವ್ಯಕ್ತಿತ್ವ ವಿಕಸನ, ಧನಾತ್ಮಕ ಚಿಂತನೆ, ಬಾಡಿ ಲ್ಯಾಂಗ್ವೇಜ್ ಅಂತಿದ್ದರೆ ಬಿಟ್ಟುಬಿಡಿ. ನನ್ನ ಪ್ರಕಾರ ಈ ವಿಷಯದ ರುಚಿ ಇರುವುದೇ 'ಇದು ಅವರಿಗೆ ಹೇಗೆ ಗೊತ್ತಾಯಿತು' ಎನ್ನುವುದರಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಹೆನ್ರಿ ಮೊಲೈಸನ್ ಎನ್ನುವವರಿಗೆ ತೀವ್ರ ಮೂರ್ಛೆರೋಗ ಇತ್ತು. 1953ರಲ್ಲಿ ಆಪರೇಷನ್ ಮಾಡಿ ಅವರ ಮೆದುಳಿನ ಎರಡೂ ಬದಿಯ ಸ್ವಲ್ಪ ಭಾಗ ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸ ನೆನಪು ನಿಲ್ಲುವುದು ನಿಂತೇಹೋಯಿತು. ಈಗ ಮಾತಾಡಿಸಿ ಹೋದವರು ಸ್ವಲ್ಪ ಹೊತ್ತು ಬಿಟ್ಟು ಬಂದರೆ ಅವರಿಗೆ ಹೊಸಬರೇ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು: ತಮ್ಮ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ದಿನದಿಂದ ದಿನಕ್ಕೆ ಕೈ ಪಳಗುತ್ತಾ ಹೋಯಿತು. ಹಿಂದೆ ಇದನ್ನು ಮಾಡಿದ್ದೇನೆ ಎನ್ನುವ ನೆನಪು ಮಾತ್ರ ಅವರಿಗೆ ಇರಲೇ ಇಲ್ಲ. ಅಂದರೆ ಕೈ ಕಲಿಯುವ ಕೆಲಸಕ್ಕೂ ನಡೆದದ್ದನ್ನು ನೆನಪಿಡುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆ ಇದೆ. 'ಜ್ಞಾಪಕಶಕ್ತಿಗೆ ಹತ್ತು ಸೂತ್ರ' ಅಂತ ಕಲಿಸುವ ಕೋರ್ಸ್‌ನಲ್ಲಿ ಇದು ಸಿಗುವುದಿಲ್ಲ.

ಎರಡನೇ ಪರೀಕ್ಷೆ, 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದ ಬಗ್ಗೆ ಆ ಕೋರ್ಸ್ ಏನು ಹೇಳುತ್ತದೆ ನೋಡಿ. ವಿದ್ಯಾರ್ಥಿಗಳಲ್ಲಿ ಕೆಲವರನ್ನು ಕಾವಲುಗಾರರು, ಕೆಲವರನ್ನು ಕೈದಿಗಳು ಅಂತ ಮಾಡಿದ್ದರು. ಎರಡು ವಾರದ ಪ್ರಯೋಗ ಆರೇ ದಿನಕ್ಕೆ ನಿಂತಿತು. ಅಧಿಕಾರ ಸಿಕ್ಕರೆ ಯಾರಾದರೂ ಕ್ರೂರಿಗಳಾಗುತ್ತಾರೆ ಅಂತ ದಶಕಗಳ ಕಾಲ ಇದನ್ನು ಹೇಳಿಕೊಂಡು ಬಂದರು. ಕಾವಲುಗಾರರಿಗೆ ಗಟ್ಟಿಯಾಗಿ ನಡೆದುಕೊಳ್ಳಿ ಅಂತ ಪ್ರಯೋಗದವರೇ ಒತ್ತಾಯ ಮಾಡಿದ್ದು ಆಮೇಲೆ ರೆಕಾರ್ಡಿಂಗ್‌ಗಳಿಂದ ಹೊರಬಂತು. 2015ರಲ್ಲಂತೂ ನೂರು ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಮೊದಲಿನ ಫಲಿತಾಂಶ ಕೊಡಲಿಲ್ಲ. ಇದನ್ನೆಲ್ಲ ಮುಚ್ಚಿಡದೆ ಹೇಳುವ ಕೋರ್ಸ್ ಆದರೆ ನಂಬಿ ಸೇರಬಹುದು. ಇದರಿಂದ ವಿಷಯದ ಮೇಲಿನ ಗೌರವ ಕಡಿಮೆಯಾಗಬೇಕಿಲ್ಲ, ಆ ತಪ್ಪು ಹುಡುಕಿದವರಲ್ಲಿ ಮನಃಶಾಸ್ತ್ರಜ್ಞರೇ ಜಾಸ್ತಿ ಅಲ್ವಾ.

ನಿಮಗೆ ನಾನು ಹೇಳುವುದು ಹೀಗೆ. ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯ ಸೈಕಾಲಜಿ ಪುಸ್ತಕ ಡೌನ್‌ಲೋಡ್ ಮಾಡಿಕೊಳ್ಳಿ. ಮಕ್ಕಳ ಪುಸ್ತಕ ಅಂತ ಸಂಕೋಚ ಬೇಡ, ಹೊಸದಾಗಿ ಶುರುಮಾಡುವವರಿಗೆ ಅಷ್ಟು ಅಚ್ಚುಕಟ್ಟಾದದ್ದು ಬೇರೆ ಕಡಿಮೆ. ಎರಡನೇ ಅಧ್ಯಾಯವೇ ಸಂಶೋಧನಾ ವಿಧಾನ. ಇಂಗ್ಲಿಷ್ ನಿಧಾನ ಅಂದಿರಲ್ಲ, ಹತ್ತಿರದ ಪಿಯು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರೆ ಕನ್ನಡ ಮಾಧ್ಯಮದ ಮಕ್ಕಳು ಏನು ಓದುತ್ತಾರೆ ಅಂತ ವಿಚಾರಿಸಿ ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಆಮೇಲೆ ಐಐಟಿಗಳ ಪಾಠಗಳನ್ನು ಪುಕ್ಕಟೆ ಕೊಡುವ ಎನ್‌ಪಿಟಿಇಎಲ್ ಎಂಬ ತಾಣದಲ್ಲಿ ಐಐಟಿ ಕಾನ್ಪುರದ ಪ್ರೊ. ಬ್ರಜ್ ಭೂಷಣ್ ಅವರ ಪರಿಚಯದ ಪಾಠಗಳಿವೆ, ನಮ್ಮ ಕಡೆಯ ಇಂಗ್ಲಿಷ್, ಕಿವಿಗೆ ಹತ್ತುತ್ತದೆ. ಅದು ಹಿಡಿಸಿದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಾನ್ ಗೇಬ್ರಿಯೆಲಿ ಅವರ 2011ರ ತರಗತಿಯ ವಿಡಿಯೊಗಳನ್ನು ನೋಡಿ, ಪುಕ್ಕಟೆ ಸಿಗುತ್ತವೆ. ಮೊಲೈಸನ್ ಅವರ ಜತೆ ಸ್ವತಃ ಅಧ್ಯಯನ ಮಾಡಿದವರು ಅವರು. ಪಾಠ 2015ರ ಆ ನೂರು ಪ್ರಯೋಗಗಳ ಮರುಪರೀಕ್ಷೆಗೆ ಮುಂಚಿನದು, ಆದ್ದರಿಂದ ಜತೆಗೆ ಆನ್‌ಲೈನ್‌ನಲ್ಲಿ ಪಠ್ಯಪುಸ್ತಕ ಕೊಡುವ ಓಪನ್‌ಸ್ಟ್ಯಾಕ್ಸ್‌ನ ಸೈಕಾಲಜಿ ಪುಸ್ತಕದ ಎರಡನೇ ಆವೃತ್ತಿ ಇರಲಿ, ಅದೂ ಪುಕ್ಕಟೆ.

ಅಂಕಿಅಂಶ ಬರುತ್ತದೆ ಅಂತ ಹೆದರಬೇಡಿ. ಸರಾಸರಿ, ಶೇಕಡ ಎಲ್ಲ ಕಾಮರ್ಸ್‌ನವರಿಗೆ ಹೊಸದಲ್ಲ. ನಿಮ್ಮ ಅಂಗಡಿ ಕೆಲಸದ ಜತೆಗೇ ವಾರಕ್ಕೆ ನಾಲ್ಕೈದು ಗಂಟೆ ಕೊಟ್ಟರೆ ಸಾಕು, ಒಂದೇ ಭಾನುವಾರ ಎಲ್ಲ ನೋಡಿ ಮುಗಿಸುವುದಕ್ಕಿಂತ ದಿನಾ ಸ್ವಲ್ಪ ಓದಿ, ಪುಸ್ತಕ ಮುಚ್ಚಿ ನೆನಪಿರುವುದನ್ನು ಬರೆಯುವುದು ಎಷ್ಟೋ ಮೇಲು.

ಸರ್ಟಿಫಿಕೇಟ್ ಬೇಕು ಅನ್ನಿಸಿದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್ ನೋಡಿ, ಎನ್‌ಪಿಟಿಇಎಲ್ ಕೋರ್ಸ್‌ಗಳೂ ಅಲ್ಲೇ ಇವೆ. ಜನವರಿ ಮತ್ತು ಜುಲೈಯಲ್ಲಿ ಹೊಸ ಬ್ಯಾಚ್ ಶುರುವಾಗುತ್ತದೆ. ಎನ್‌ಪಿಟಿಇಎಲ್ ಕೋರ್ಸ್ ಸೇರಲು ಶುಲ್ಕವಿಲ್ಲ, ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಬೇಕು. ವಾರದ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ.

ಕೊನೆಗೆ ಒಂದು. ಮನೆಯಲ್ಲಿ ಯಾರದೋ ಚಿಂತೆಯಿಂದ ಇದನ್ನು ಕಲಿಯಬೇಕು ಅನ್ನಿಸಿದ್ದರೆ, ಕೋರ್ಸ್ ಮುಗಿಯುವ ತನಕ ಕಾಯಬೇಡಿ ಅಕ್ಕ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಪುಕ್ಕಟೆ ಕರೆ, ಕನ್ನಡದಲ್ಲೇ ಮಾತಾಡಬಹುದು. ಓದಿನಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪುಟದ ಫೋಟೊ ಇಲ್ಲೇ ಹಾಕಿ, ಕೂತು ನೋಡೋಣ.