22ನೇ ವಾರಕ್ಕೆ ಮಾಸು 28 ಮಿಲಿಮೀಟರ್: ಗಾಬರಿ ಯಾಕೆ?

ಸ್ಕ್ಯಾನ್‌ನಲ್ಲಿ ಮಾಸು (ಗರ್ಭದಲ್ಲಿ ಮಗುವಿಗೆ ಆಹಾರ ಒದಗಿಸುವ ಪ್ಲಾಸೆಂಟಾ) 28 ಮಿಲಿಮೀಟರ್ ದಪ್ಪ ಬಂದಿದೆ, ಸಿಂಧನೂರಿನಿಂದ ರಾಯಚೂರಿಗೆ ಹೋಗಿ ಮತ್ತೆ ಮಾಡಿಸಬೇಕಾ ಅಂತ ಕೇಳಿದ್ದೀರಿ. ಅದೊಂದೇ ಅಂಕಿಗೆ ಸುಮ್ನೆ ಬಸ್ ಹತ್ತಬೇಡಿ. ಎಷ್ಟು ವಾರವೋ ಹೆಚ್ಚುಕಮ್ಮಿ ಅಷ್ಟು ಮಿಲಿಮೀಟರ್ ಅನ್ನೋದು ಒರಟು ಲೆಕ್ಕ, ಐದಾರು ಆಚೀಚೆ ಆಗುತ್ತೆ. 40 ದಾಟಿದರೆ ಸಾಮಾನ್ಯವಾಗಿ ದಪ್ಪ ಅಂತಾರೆ. ಹೊಕ್ಕುಳಬಳ್ಳಿ ಕೂಡುವ ಜಾಗದಲ್ಲಿ ನೆಟ್ಟಗೆ ಅಳೆಯಬೇಕು. ಪರದೆಯ ಮೇಲೆ ಗೆರೆ ಓರೆಯಾಯಿತೋ, ಆ ಹೊತ್ತಿಗೆ ಗರ್ಭಕೋಶ ಬಿಗಿದಿತ್ತೋ, ಅಂಕಿ ಜಾಸ್ತಿ ಬರುತ್ತೆ. ನಿಜಕ್ಕೂ ದಪ್ಪ ಇದ್ದರೆ ಸಕ್ಕರೆ, ರಕ್ತಹೀನತೆ, ಸೋಂಕು ಪರೀಕ್ಷಿಸ್ತಾರೆ. ತೀರಾ ತೆಳುವಾದರೆ ಮಗುವಿನ ಬೆಳವಣಿಗೆ ನೋಡ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಮಗುವಿನ ತೂಕ, ಸುತ್ತಲಿನ ನೀರು ಸರಿ ಇದೆ ಅಂದಿದ್ದೀರಿ, ಅದೇ ದೊಡ್ಡ ಸಮಾಧಾನ ಅಲ್ವಾ? ಮುಂದಿನ ತಪಾಸಣೆಗೆ ರಿಪೋರ್ಟ್ ಒಯ್ದು ಡಾಕ್ಟರಿಗೆ ತೋರಿಸಿ. ರಕ್ತ ಕಂಡರೆ ಮಾತ್ರ ಆ ದಿನದವರೆಗೆ ಕಾಯಬೇಡಿ.